ಜೇನಿನ ಪದಕ್ಕೊಂದು ಸಾಲು

ಒಂದು ನಾಮಪದದ ಕೆಳಗೆ ಇನ್ನೊಂದು ಸಾಲು ಸೇರಬೇಕೇ ಬೇಡವೇ ಎಂಬ ಗಂಭೀರ ಪ್ರಶ್ನೆ ಈ ವಾರ ಅಮೆರಿಕದ ಟೆಕ್ಸಸ್‌ನಲ್ಲಿ, ಉತ್ತರ ಆಸ್ಟಿನ್‌ನ ಒಂದು ಅಡುಗೆಮನೆಯಲ್ಲಿ ಇತ್ಯರ್ಥಕ್ಕೆ ಕಾದಿದೆ. ಇನ್ನೂ ಬೆಳಕು ಹರಿದಿಲ್ಲ. ದಾಕ್ಷಾಯಣಿ ಕುಕ್ಕರ್ ಪಕ್ಕದಲ್ಲೇ ಲ್ಯಾಪ್‌ಟಾಪ್‌ನಲ್ಲಿ ನಿಘಂಟಿನ ಪುಟವೊಂದನ್ನು ತೆರೆದು, ಕಣ್ಣುಜ್ಜಿಕೊಂಡು ಕೂತಿದ್ದಾರೆ.

"ಉಪ್ಪು ಮುಗದದ. ಅದಕ್ಕೂ ಒಂದು ಪುಟ ಮಾಡು," ಎನ್ನುತ್ತಾರೆ ಗಂಡ ಭೀಮಸೇನ, ಹತ್ತಿರದ ಟೇಲರ್ ಊರಿನ ಚಿಪ್ ಕಾರ್ಖಾನೆಗೆ ಹೊರಡುತ್ತ.

"ಮುಗದಿದ್ರ ತರಬೇಕ್ರಿ."

ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಮಾಡಿದ ದಾಕ್ಷಾಯಣಿ ಗಂಡನ ವೀಸಾದ ಮೇಲೆ ಬಂದವರು. ಸಂಬಳದ ಕೆಲಸಕ್ಕೆ ಅನುಮತಿಯಿರಲಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಯಾವ ಸರ್ಕಾರದ ಅಡ್ಡಿಯೂ ಇಲ್ಲ. ಹಾಗಾಗಿ ಅಂತರ್ಜಾಲದ ನಿಘಂಟೊಂದಕ್ಕೆ ಸೇರಿಕೊಂಡರು. ಆಮೇಲೆ ಅನುಮತಿ ಸಿಕ್ಕಿ, ಈಗ ದ ಡೊಮೇನ್ ಎಂಬ ಅಂಗಡಿಸಾಲಿನ ಬಳಿಯ ಕಚೇರಿಯಲ್ಲಿ ರಿಸೆಪ್ಷನಿಸ್ಟ್. ನಿಘಂಟು ಮಾತ್ರ ಬಿಟ್ಟಿಲ್ಲ.

ಅವರ ಪಾಲಿಗೆ ಬಂದಿರುವ ಪದ 'ಮೆದು'. ರಷ್ಯನ್, ಪೋಲಿಷ್, ಚೆಕ್ ಭಾಷೆಗಳಿಗೆಲ್ಲ ತಾಯಿಯಾದ ಮೂಲ ಸ್ಲಾವಿಕ್‌ನಲ್ಲಿ ಜೇನು. ನಮ್ಮ 'ಮಧು'ವಿನ ದಾಯಾದಿ. ಸಂಸ್ಕೃತದಲ್ಲಿ ನಪುಂಸಕ, ಅಲ್ಲಿ ಪುಲ್ಲಿಂಗ. 'ಜೇನಿನ' ಎನ್ನಬೇಕಾದರೆ ಕೊನೆಯ ಉಕಾರ ದೀರ್ಘವಾಗಿ 'ಮೆದೂ'. ಏಕವಚನ, ದ್ವಿವಚನ, ಬಹುವಚನ, ಏಳು ವಿಭಕ್ತಿ. ಆ ಭಾಷೆಯನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಚಿತ್ರ ಬರೆದಂತೆ ವಿದ್ವಾಂಸರು ಕಟ್ಟಿಕೊಂಡದ್ದು. ಊಹೆಯ ಗುರುತಿಗೆ ಪದದ ಮುಂದೊಂದು ನಕ್ಷತ್ರ.

ಟೇಲರ್ ಆಚೆ ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಲಿಡಿಯಾ ಎಂಬ ಮುದುಕಿ ಇದ್ದಾರೆ. ಅವರ ಮುತ್ತಜ್ಜನ ಕಾಲದಲ್ಲಿ ಟೆಕ್ಸಸ್‌ಗೆ ಬಂದ ಚೆಕ್ ಮಾತು ಮನೆಯಲ್ಲಿ ಅವರೊಬ್ಬರ ಬಾಯಲ್ಲೇ ಉಳಿದಿದೆ. ಜೇನು ಕೊಳ್ಳಲು ಹೋದ ದಾಕ್ಷಾಯಣಿಯ ಕೈಗೆ ಬಾಟಲಿಯಿಟ್ಟು "ಮೆಟ್" ಎಂದರು. ಜೇನು. ದಾಕ್ಷಾಯಣಿ ಧ್ವನಿಮುದ್ರಿಸಿಕೊಂಡು, ಪುಟದಲ್ಲಿ ಚೆಕ್ ಭಾಷೆಯ ಕೆಳಗೆ 'ಟೆಕ್ಸಸ್ ಚೆಕ್' ಎಂಬ ಸಾಲು ಸೇರಿಸಿದರು. ಮುಖ ಕಾಣದ ಸಂಪಾದಕರೊಬ್ಬರು ಎರಡು ಸಲ ಅಳಿಸಿದರು: ಮುದ್ರಿತ ಆಧಾರ ಎಲ್ಲಿ? ಮೂರನೆಯ ಸಲ ಸೇರಿಸಿದ್ದು ಈಗ ಸಂಪಾದಕರ ಚರ್ಚೆಯಲ್ಲಿದೆ.

"ಯಾರೂ ಕೇಳದ ಪದಕ್ಕ ಚುಕ್ಕಿ ಹಚ್ಚಿ ಪುಟಾನ ಕೊಟ್ಟೇವಿ. ಕಿವಿಯಾರೆ ಕೇಳಿದ್ದಕ್ಕ ಕಾಗದ ಬೇಕಂತ," ಎನ್ನುತ್ತಾರೆ ದಾಕ್ಷಾಯಣಿ. ಸಿಟ್ಟಿಗೂ ಶಕ್ತಿ ಬೇಕು. ಅದು ಈಗ ಅವರಲ್ಲಿಲ್ಲ. ಕುಕ್ಕರ್ ಕೂಗುತ್ತದೆ, ಎದ್ದು ಒಲೆ ಆರಿಸುತ್ತಾರೆ.

ಪ್ರತಿ ಶನಿವಾರ ಲಿಡಿಯಾ ಕೇಳುವುದು ಒಂದೇ: "ನಮ್ಮ ಮಾತು ಪುಸ್ತಕಕ್ಕೆ ಬಂತಾ?" ನಿಘಂಟು ಎಂದರೆ ಅವರಿಗೆ ಪುಸ್ತಕವೇ.

"ಈ ಸಲ ಹೂಂ ಅನ್ನಬೇಕ್ರಿ. ಅಷ್ಟ ಆಸೆ," ಎನ್ನುತ್ತಾರೆ ದಾಕ್ಷಾಯಣಿ.

ಶುಕ್ರವಾರ ತೀರ್ಮಾನ ಬಂತು. ಸಾಲನ್ನು ತೆಗೆದುಹಾಕಿದ್ದಾರೆ.