ಕಾಲುಂಗುರದ ಬೆರಳು

ನನ್ನ ಬಲಗೈ ಹೆಬ್ಬೆರಳು ಹೋದದ್ದು ನನ್ನದೇ ತಪ್ಪಿನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನುವುದು ಬೇಡ. ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ನಾನು ಪವರ್ ಪ್ರೆಸ್ ಓಡಿಸುತ್ತಿದ್ದೆ. ಅದಕ್ಕೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿದು ತಗಡು ಕತ್ತರಿಸುತ್ತದೆ. ಕೈ ಒಳಗೆ ಇರಬಾರದು ಅಂತಲೇ ಆ ಏರ್ಪಾಡು. ನಾವೋ, ಬೇಗ ಮುಗಿಸುವ ಚಟಕ್ಕೆ ಬಿದ್ದು, ಒಂದು ಬಟನ್ನಿಗೆ ಮರದ ಚಕ್ಕೆ ಸಿಗಿಸಿ, ಎಡಗೈಲಿ ಇನ್ನೊಂದನ್ನು ಒತ್ತುತ್ತಾ ಬಲಗೈಲಿ ತಗಡು ಸರಿಸುತ್ತಿದ್ದೆವು. ಆಯುಧಪೂಜೆಯ ದಿನ ಆ ಚಕ್ಕೆಗೂ ಕುಂಕುಮ ಹಚ್ಚಿದವಳು ನಾನೇ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗಾಯಿತು.

ಬೆರಳು ಪೂರ್ತಿ ಜಜ್ಜಿಹೋಗಿತ್ತು, ಜೋಡಿಸುವ ಮಾತೇ ಇರಲಿಲ್ಲ. ಗಾಯ ಮಾಗಿದ ಮೇಲೆ ವಿಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಕಾಲಿನ ಎರಡನೇ ಬೆರಳು ತೆಗೆದು ಇಲ್ಲಿ ಕೂರಿಸಬಹುದಮ್ಮ. ಮೂಳೆ, ನರ, ರಕ್ತನಾಳ ಎಲ್ಲಾ ಸೇರಿಸ್ತೀವಿ. ಹಿಡಿತ ಬರುತ್ತೆ."

"ನಡೆಯೋಕೆ ಆಗುತ್ತಾ ಮೇಡಂ?"

"ಸ್ವಲ್ಪ ದಿನ ಕುಂಟ್ತೀರ. ಆಮೇಲೆ ನಿಮಗೇ ಮರ್ತು ಹೋಗುತ್ತೆ."

ಕೆಂಗೇರಿಯ ಮನೆಗೆ ಬಂದು ವಿಷಯ ಹೇಳಿದೆ. ಅತ್ತೆ ಕೂತಲ್ಲಿಂದ ಎದ್ದು ನಿಂತರು. ಎರಡನೇ ಬೆರಳು ಅಂದರೆ ಕಾಲುಂಗುರದ ಬೆರಳು.

"ಮುತ್ತೈದೆ ಕಾಲುಂಗುರದ ಬೆರಳು ಕುಯ್ಸ್ಕೋತೀಯೇನೇ? ನನ್ ಮಗ ಇನ್ನೂ ಗುಂಡುಕಲ್ಲಿನಂಗವ್ನೆ!"

"ಇನ್ನೊಂದು ಕಾಲಲ್ಲಿ ಇರುತ್ತಲ್ಲ ಅತ್ತೆ. ಈ ಕಾಲಲ್ಲಿ ಪಕ್ಕದ ಬೆರಳಿಗೆ ಹಾಕ್ಕೋತೀನಿ."

"ಅದೇನೋ ಆಯ್ತು ಅನ್ನು. ಕಾಲು ತಾಕಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ಜನ ನಾವು. ಕಾಲ್ಬೆರಳಲ್ಲಿ ಕೋಲು ಹಿಡಿದು ಮುದ್ದೆ ತಿರುವ್ತೀಯಾ? ಆ ಮುದ್ದೆ ನನ್ ಗಂಟಲಲ್ಲಿ ಇಳಿಯಲ್ಲ ಕಣೇ, ಈಗಲೇ ಹೇಳಿಬಿಟ್ಟಿದೀನಿ!"

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದ ಮಾರನೆಯ ದಿನದಿಂದ ಆ ಮನೆಯಲ್ಲಿ ಮುದ್ದೆ ತಿರುವಿದವಳು ನಾನು. ಒಂದು ಬೆರಳಿನ ನೆಪಕ್ಕೆ ನನ್ನನ್ನು ಒಲೆಯಿಂದ ಎಬ್ಬಿಸುವುದೇ? "ಇಳಿಸ್ತೀನಿ, ನೋಡ್ತಾ ಇರಿ" ಅಂದೆ. ಗಂಡ ಆಸ್ಪತ್ರೆಯ ಫಾರಂಗೆ ಸಹಿ ಹಾಕಿದ, ಅಷ್ಟು ಸಾಕಾಗಿತ್ತು.

ಆಪರೇಷನ್ನಿಗೆ ಬೆಳಿಗ್ಗೆ ಒಳಗೆ ಹೋದವಳು ಸಂಜೆ ಹೊರಗೆ ಬಂದೆ. ಕೆಲವು ದಿನಗಳ ನಂತರ ಬ್ಯಾಂಡೇಜು ಬಿಚ್ಚಿದಾಗ ಕೈಯಲ್ಲಿ ಊದಿಕೊಂಡ ಕಾಲ್ಬೆರಳು. ಅದರ ಬುಡದಲ್ಲಿ, ಹನ್ನೆರಡು ವರ್ಷ ಉಂಗುರ ಕೂತು ಬಿದ್ದಿದ್ದ ಬಿಳಿ ಗೆರೆ ಹಾಗೇ ಇತ್ತು. ಅದನ್ನು ನೋಡಿ ಅಳು ಬಂತು. ಅಸಹ್ಯಕ್ಕಲ್ಲ. ಇದು ಬೇರೆ ಯಾರದ್ದೂ ಅಲ್ಲ, ನನ್ನದೇ ಅಂತ ಧೈರ್ಯವಾಯಿತು.

ಆದರೆ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಚುಚ್ಚಿದರೂ ಇಲ್ಲ, ತಣ್ಣೀರೂ ಇಲ್ಲ. ನರ ಬೆಳೆಯಲು ತಿಂಗಳುಗಳೇ ಬೇಕು ಅಂದರು ಡಾಕ್ಟರಮ್ಮ. ಅಲ್ಲಿಯವರೆಗೆ ಸುಮ್ಮನೆ ಕೂರುವ ಜಾತಿ ನಾನಲ್ಲ. ಬಟ್ಟೆ ಕ್ಲಿಪ್ಪು ಒತ್ತಿದೆ, ಹಿಟ್ಟಿನ ಉಂಡೆ ಹಿಸುಕಿದೆ. ಕೈ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿಬರುವಾಗ ಮೆಟ್ರೋದಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೂ ಕೂರದೆ, ನೇತಾಡುವ ಹಿಡಿಯನ್ನು ಆ ಕೈಯಲ್ಲೇ ಹಿಡಿದು ನಿಂತೆ. ಮನೆಯಲ್ಲಿ ಅತ್ತೆಯೇ ಅಡುಗೆ ಮಾಡುತ್ತಿದ್ದರು, ಭುಜ ನೋವು ಅಂತ ಎಣ್ಣೆ ತಿಕ್ಕಿಕೊಳ್ಳುತ್ತಾ. ಐದಾರು ತಿಂಗಳ ಮೇಲೆ ನಾನು ಮೊದಲ ಸಲ ಮುದ್ದೆಗೆ ಕೈ ಹಾಕಿದ ದಿನ ಕೋಲು ಜಾರಿ ಹಿಟ್ಟು ಗೋಡೆಗೆ ಹಾರಿತು. "ಬಿಡೇ ಸಾಕು" ಅಂದರು. ಬಿಡಲಿಲ್ಲ.

ಮುಂದಿನ ತಿಂಗಳು ಮತ್ತೆ ಕೂತೆ. ಬೆಂದ ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ, ಅಲ್ಲಾಡದ ಹಾಗೆ ಕವೆಗೋಲು ಕೊಟ್ಟು ಎರಡೂ ಪಾದಗಳಿಂದ ಒತ್ತಿ ಹಿಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅತ್ತೆ, ನಾನು ಬರೋಕೆ ಮುಂಚೆ ನೀವೂ ಪಾತ್ರೆನ ಕಾಲಲ್ಲಿ ಒತ್ಕೊಂಡೇ ತಾನೇ ಮುದ್ದೆ ತಿರುವಿದ್ದು? ಆಗ ಮಾತ್ರ ಕಾಲು ಕಾಲಾಗಿರ್ಲಿಲ್ವಾ?"

"ಬಾಯಿಗೇನೂ ಕಮ್ಮಿ ಇಲ್ಲ ನಿಂಗೆ" ಅಂದರು.

ಕೋಲು ಜಾರಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುವವರೆಗೂ ತಿರುವಿದೆ. ಕೈ ಒದ್ದೆ ಮಾಡಿಕೊಂಡು ಹಿಟ್ಟು ತೆಗೆದು ಉಂಡೆ ಕಟ್ಟಲು ಹೋದೆ, ಚುರ್ ಅಂತು.

"ಅಯ್ಯೋ, ಸುಡ್ತು!"

ಮಂಡಿನೋವಿನ ಅತ್ತೆ ಎರಡೇ ಹೆಜ್ಜೆಯಲ್ಲಿ ಬಂದು ನನ್ನ ಕೈಯನ್ನು ನೀರಿನ ಬಟ್ಟಲಲ್ಲಿ ಅದ್ದಿದರು. "ಎಲ್ಲೇ? ಯಾವ್ ಬೆರಳು?"

"ಇದೇ ಅತ್ತೆ, ಹೊಸದು! ಬಿಸಿ ಗೊತ್ತಾಯ್ತು ಅತ್ತೆ, ಗೊತ್ತಾಯ್ತು!"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ದೇವರೇ ಬಲ್ಲ. ಅಲ್ಲಿಯವರೆಗೆ ಆ ಬೆರಳನ್ನು ಒಮ್ಮೆಯೂ ಮುಟ್ಟದಿದ್ದವರು ಅದನ್ನು ನೀರಲ್ಲೇ ಹಿಡಿದುಕೊಂಡು, ಉಂಗುರದ ಗೆರೆಯ ಮೇಲೆ ಮೆಲ್ಲಗೆ ಉಜ್ಜಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಟ್ಟೆ ಎಳೆದುಕೊಂಡು ಕೂತರು. ನಾನು ಮುದ್ದೆ ಇಟ್ಟು ಬಸ್ಸಾರು ಬಿಟ್ಟೆ. ಒಂದು ತುತ್ತು ಮುರಿದು, ಸಾರಲ್ಲಿ ಅದ್ದಿ ಬಾಯಿಗಿಟ್ಟರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು.

"ಗಂಟಿದೆ" ಅಂದರು ಅತ್ತೆ. "ನಾಳೆ ಇನ್ನೂ ಚೆನ್ನಾಗಿ ತಿರುವು."