ಮಾತಾಡದ ಗಂಡನ ಕಥೆ

ಕುಕ್ ಟೌನಿನ ಹಳೇ ಬಂಗಲೆಯೊಂದರ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಬರಹಗಾರರ ಗುಂಪು ಸೇರುತ್ತದೆ. ಕಥೆ ಓದಿದವರು ಚರ್ಚೆ ಮುಗಿಯುವವರೆಗೆ ಬಾಯಿ ತೆರೆಯಬಾರದು ಎನ್ನುವುದೊಂದೇ ನಿಯಮ.

ಅವತ್ತು ಮಹದೇವಪುರದ ರತ್ನಮ್ಮ ಮೊದಲ ಸಲ ಓದಿದರು. ಅವರ ಕಥೆಯಲ್ಲಿ, ಸಂಜೆಯಾದರೆ ಟೆರೇಸಿಗೆ ಹೋಗಿ, ಹಿಂದೆ ತಮ್ಮ ರಾಗಿ ಹೊಲವಿದ್ದ ಕಡೆ ನೋಡುತ್ತಾ ಮಾತಾಡದೆ ನಿಲ್ಲುವ ಗಂಡ. ಪಕ್ಕದಲ್ಲಿ ಕಾಫಿ ಹಿಡಿದು ನಿಲ್ಲುವ ಹೆಂಡತಿ. ರತ್ನಮ್ಮನವರ ಮೆತ್ತನೆಯ ದನಿಗೆ ಜಗಲಿಯ ಬಿಸಿಲೂ ನಾವೂ ಒಟ್ಟಿಗೆ ತೂಕಡಿಸಿದಂತಾಯಿತು. ಕಣ್ಣೆದುರು ತೆನೆ ತೂಗುತ್ತಿತ್ತು.

ಓದು ಮುಗಿದಾಗ ನಾನೇ ಮೊದಲು ಬಾಯಿ ಹಾಕಿದೆ. "ಚೆನ್ನಾಗಿದೆ ಮೇಡಂ. ಆದ್ರೆ ಗಂಡನ ಪಾತ್ರ ನಂಬೋಕಾಗಲ್ಲ. ಇಷ್ಟು ವರ್ಷದಲ್ಲಿ ಹೆಂಡತಿ ಹತ್ರ ಒಂದು ಮಾತೂ ಆಡಲ್ವಾ?"

ರತ್ನಮ್ಮ ನಿಯಮದಂತೆ ಸುಮ್ಮನಿದ್ದರು. ಆದರೆ ಅವರನ್ನು ಸ್ಕೂಟರಿನಲ್ಲಿ ಕರೆತಂದಿದ್ದ ಯಜಮಾನರು ಹಿಂದಿನ ಸಾಲಿನಿಂದ ಎದ್ದು ನಿಂತರು.

"ಮಾತಾಡ್ಬೇಕು ಅಂತಾನೇ ಇರುತ್ತೆ ಸಾರ್," ಎಂದರು ಅವರು. "ಇವಳು ಪಕ್ಕ ಬಂದು ನಿಂತ್ರೆ, ಇವಳಿಗೂ ಹೊಲ ಕಾಣ್ತಿದೆ ಅನ್ಸುತ್ತೆ. ಅದಕ್ಕೇ ಸುಮ್ನಾಗ್ಬಿಡ್ತೀನಿ."

"ಕಾಣುತ್ತೆ ಕಣ್ರೀ," ಎಂದ ರತ್ನಮ್ಮ ಕಾಗದಗಳಲ್ಲಿ ಮುಖ ಮುಚ್ಚಿಕೊಂಡರು.

ಈಗ ಯಜಮಾನರೂ ಪ್ರತಿ ವಾರ ಬರುತ್ತಾರೆ. ಏನೂ ಬರೆಯುವುದಿಲ್ಲ. ನನ್ನ ಕಥೆ ಕೇಳಿದಾಗಲೆಲ್ಲ, ಮಾತು ಸ್ವಲ್ಪ ಜಾಸ್ತಿಯಾಯಿತು ಎಂದಷ್ಟೇ ಹೇಳುತ್ತಾರೆ.