ಸೊನ್ನೆಯಾಗಿ ಹೋದ ಪಾದೆ

ಇವತ್ತು ಬೆಳಿಗ್ಗೆ ಹೊಸ ಲ್ಯಾಪ್‌ಟಾಪ್ ಅರ್ಧ ಗಂಟೆ ಬುಸುಗುಟ್ಟಿ, ಹೊಟ್ಟೆ ಬಿಸಿ ಮಾಡಿಕೊಂಡು, ಕೊನೆಗೆ ಪರದೆಯ ಮೇಲೆ ಒಂದು ಸಾಲು ತೋರಿಸಿತು: ಕಂಪೈಲ್ ಮುಗಿದಿದೆ, ದೋಷಗಳಿಲ್ಲ. ಬೇರೆ ಯಾರಾದರೂ ಆಗಿದ್ದರೆ ಖುಷಿಯಲ್ಲಿ ಒಂದು ಚಾ ಕುಡಿಯುತ್ತಿದ್ದರು. ನನಗೆ ಎದೆ ಧಸಕ್ಕೆಂದಿತು. ಈ ‘ದೋಷಗಳಿಲ್ಲ’ ಎಂಬ ಮಾತನ್ನು ಒಮ್ಮೆ ನಂಬಿ ನಾನು ಎಂಥ ಕೆಲಸ ಮಾಡಿಟ್ಟೆ ಎಂದು ನಿಮಗೆ ಹೇಳಬೇಕು. ಹೇಳಲು ಈಗಲೂ ನಾಚಿಕೆಯೇ.

ಐದಾರು ವರ್ಷಗಳ ಹಿಂದಿನ ಮಾತು. ಮೂಡುಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಮನೆ ಪುತ್ತಿಗೆಯಲ್ಲಿ. ನೆಲದೊಳಗಿನ ನೀರು ಎತ್ತ ಹರಿಯುತ್ತದೆ, ಬಾವಿಗಳಲ್ಲಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುವ ಒಂದು ಹಳೆಯ ಪ್ರೋಗ್ರಾಂನ ಸೋರ್ಸ್ ಕೋಡ್ ನನಗೆ ಪುಕ್ಕಟೆ ಸಿಕ್ಕಿತ್ತು. ಸೋರ್ಸ್ ಕೋಡ್ ಎಂದರೆ ಏನು ಎನ್ನುತ್ತೀರಾ? ಅಂಗಡಿಯಿಂದ ದೋಸೆ ಹಿಟ್ಟಿನ ಪ್ಯಾಕೆಟ್ ತರುವ ಬದಲು ಅಕ್ಕಿ ನೆನೆಹಾಕಿ ನಾವೇ ಕಡೆಯುವುದು, ಅಷ್ಟೇ. ಆ ಕಡೆಯುವ ಕೆಲಸಕ್ಕೆ ಕಂಪೈಲ್ ಎನ್ನುತ್ತಾರೆ. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಕಡೆಯಲು ಇಡೀ ದಸರಾ ರಜೆ ಹಿಡಿಯಿತು. ಒಂದು ಫೈಲ್ ಇಲ್ಲ ಎಂದು ಗೊಣಗುತ್ತಿತ್ತು, ಹುಡುಕಿ ಕೊಟ್ಟರೆ ಮತ್ತೊಂದು ಇಲ್ಲ ಎನ್ನುತ್ತಿತ್ತು. ನಮ್ಮ ಯಜಮಾನರು ಇಣುಕಿ ನೋಡಿ, “ಇದಕ್ಕಿಂತ ಬಾವಿಗೆ ಇಳಿದು ನೋಡುವುದು ಸುಲಭ ಅಲ್ವಾ?” ಎಂದರು. ಮೂರು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ.

ನಮ್ಮಲ್ಲಿ ದೀಪಾವಳಿ ಕಳೆದು ತೋಡು, ಅಂದರೆ ಊರಿನ ಹಳ್ಳ, ತೆಳುವಾದ ಮೇಲೆ ಏಳು ಮನೆಯವರು ಸೇರಿ ಕಟ್ಟ ಹಾಕುತ್ತಾರೆ. ಕಲ್ಲು, ಮಣ್ಣು, ಸೊಪ್ಪು ಒಟ್ಟಿ ನೀರನ್ನು ಅಡ್ಡಗಟ್ಟಿದರೆ ಸುತ್ತಲಿನ ಬಾವಿಗಳು ಬೇಸಗೆಯವರೆಗೆ ಜೀವ ಹಿಡಿದುಕೊಳ್ಳುತ್ತವೆ. ಮಳೆ ಬಂದರೆ ಕಟ್ಟ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುವುದು. ಎಲ್ಲಿ ಕಟ್ಟಬೇಕು ಎಂದು ಹೇಳುವವರು ನೇಮಿರಾಜಣ್ಣ. ಜೈನರ ಮನೆತನದ ಹಿರಿಯರು, ಬರಿಗಾಲಲ್ಲಿ ತೋಡಿಗಿಳಿದು ಎರಡು ಸುತ್ತು ನಡೆದು ಜಾಗ ತೋರಿಸುತ್ತಿದ್ದರು. ಜಾಗ ಯಾವಾಗಲೂ ಕೆಳಗಿನ ತಿರುವೇ.

ನನ್ನ ಪ್ರೋಗ್ರಾಂ ಮೇಲಿನ ತಿರುವು ಎಂದಿತು. ನಾನು ಬಣ್ಣದ ನಕ್ಷೆ ಹಿಡಿದುಕೊಂಡು ಹೋದೆ.

“ಅಲ್ಲಿ ಬೇಡ ಟೀಚರೇ,” ಎಂದರು ನೇಮಿರಾಜಣ್ಣ. “ಅಲ್ಲಿ ಅಡಿಯಲ್ಲಿ ಪಾದೆ ಉಂಟು. ನೀರು ಈಚೆ ದಾಟುವುದಿಲ್ಲ.”

ಪಾದೆ ಎಂದರೆ ಬಂಡೆ. ನಾನು ಹಟದವಳಾದರೂ ಅನ್ಯಾಯದವಳಲ್ಲ. ಮನೆಗೆ ಬಂದು ಅವರ ಪಾದೆಗೆಂದೇ ಪ್ರೋಗ್ರಾಂಗೆ ನಾಲ್ಕು ಸಾಲು ಸೇರಿಸಿ, ಮತ್ತೆ ಕಂಪೈಲ್ ಮಾಡಿದೆ. ದೋಷಗಳಿಲ್ಲ! ಉತ್ತರವೂ ಅದೇ, ಮೇಲಿನ ತಿರುವು. ಓಡಿಹೋಗಿ, “ನಿಮ್ಮ ಪಾದೆಯನ್ನೂ ಸೇರಿಸಿದ್ದೇನೆ,” ಎಂದೆ. ಅವರು, “ಹಾಗಾದ್ರೆ ಒಂದು ವರ್ಷ ನೋಡುವ,” ಎಂದರು.

ಮೇಲಿನ ಮೂರು ಬಾವಿಗಳಲ್ಲಿ ನೀರು ಏರಿತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ ಎನ್ನಿ. ಮಾರ್ಚ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಮನೆಯ ಕಲ್ಯಾಣಿಯಕ್ಕನ ಬಾವಿ ಬತ್ತಿತು. ಎಂದೂ ಬತ್ತದ ಬಾವಿ. ಕಲ್ಯಾಣಿಯಕ್ಕ ಒಂಟಿ ಹೆಂಗಸು, ಮಲ್ಲಿಗೆ ಕಟ್ಟಿ ಬೆಳಗಿನ ಬಸ್ಸಿಗೆ ಕೊಟ್ಟು ಜೀವನ ಮಾಡುವವರು. ಹನ್ನೆರಡು ಗಿಡ ಇತ್ತು. ಕೊಡಪಾನ ಹೊತ್ತು ಹೊತ್ತು ಮೂರನ್ನು ಉಳಿಸಿಕೊಂಡರು. ಮಳೆ ಕಮ್ಮಿ ಎಂದರು ಎಲ್ಲರೂ. ನಾನೂ ಹಾಗೇ ಎಂದೆ.

ಆ ಮಳೆಗಾಲದಲ್ಲಿ ನಮ್ಮ ವಿಭಾಗಕ್ಕೆ ಹೊಸ ಉಪನ್ಯಾಸಕಿಯಾಗಿ ನೆಫೀಸಾ ಬಂದಳು, ವಿಟ್ಲದವಳು, ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ದಿನಾ ಬರುತ್ತಿದ್ದಳು. ಅವಳ ಕಂಪ್ಯೂಟರಿನಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್. ನನ್ನ ಕೋಡನ್ನು ಕೇಳಿ ತೆಗೆದುಕೊಂಡು ತನ್ನಲ್ಲಿ ಕಂಪೈಲ್ ಮಾಡಿ, ಮರುದಿನ ಮುಖ ಸಣ್ಣ ಮಾಡಿಕೊಂಡು ಬಂದಳು.

“ಮೇಡಂ, ಬೇಜಾರು ಮಾಡ್ಬೇಡಿ. ನನ್ನದರಲ್ಲಿ ಒಂದೊಂದು ಸಲ ಒಂದೊಂದು ಉತ್ತರ ಬರ್ತದೆ.”

ಅವಳ ಕಂಪ್ಯೂಟರೇ ಸರಿಯಿಲ್ಲ ಎಂದು ನಾನು ಗದರಿದೆ, ನೋಡಿ ನನ್ನ ದೊಡ್ಡಸ್ತಿಕೆ! ಅವಳು ಸಾಲು ಸಾಲಾಗಿ ಹುಡುಕಿ, ಒಂದು ಕಡೆ ಬೆರಳಿಟ್ಟಳು. ಪಾದೆಯ ಎತ್ತರಕ್ಕೆ ನಾನು ಜಾಗ ಮಾಡಿದ್ದೆ, ಅಂಕಿಯನ್ನೇ ತುಂಬಿರಲಿಲ್ಲ. ಖಾಲಿ ಜಾಗದಲ್ಲಿ ಅವಳ ಯಂತ್ರ ಸಿಕ್ಕಿದ ಕಸವನ್ನೆಲ್ಲ ಓದುತ್ತಿತ್ತು. ನನ್ನದು ಮಾತಿಲ್ಲದೆ ಸೊನ್ನೆ ಎಂದುಕೊಂಡಿತ್ತು. ಸೊನ್ನೆ ಎಂದರೆ ಪಾದೆಯೇ ಇಲ್ಲ! ಅಂಕಿ ತುಂಬಿ ಎರಡರಲ್ಲೂ ಓಡಿಸಿದೆವು. ಎರಡೂ ಒಂದೇ ಮಾತು ಹೇಳಿದವು, ಕೆಳಗಿನ ತಿರುವು.

ಅಯ್ಯೋ ದೇವರೇ! ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದರು. ಸೇರಿಸಿದ್ದೇನೆ ಎಂದು ನಾನು ಮುಖಕ್ಕೆ ಮುಖ ಕೊಟ್ಟು ಹೇಳಿದ್ದೆ.

ಆ ಸಂಜೆಯೇ ಹೋದೆ. ನೇಮಿರಾಜಣ್ಣ ಎಲ್ಲ ಕೇಳಿಸಿಕೊಂಡರು. “ನಿಮಗೆ ಗೊತ್ತಿತ್ತಲ್ಲ, ಮತ್ತೆ ಯಾಕೆ ಒಪ್ಪಿದಿರಿ?” ಎಂದೆ, ತಪ್ಪನ್ನು ಚೂರಾದರೂ ಅವರ ಮೇಲೆ ಹಾಕುವ ಆಸೆಯಿಂದ.

“ಪಾದೆ ಸೇರಿಸಿದ್ದೇನೆ ಅಂದ್ರಲ್ಲ ಟೀಚರೇ,” ಎಂದರು. “ಸೇರಿಸಿದ ಮೇಲೆ ಮತ್ತೆ ನಾನು ಎಂತ ಹೇಳುವುದು?”

ಅಲ್ಲಿಂದ ಕಲ್ಯಾಣಿಯಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ನನಗಿಂತ ಹೆಚ್ಚು ಗಾಬರಿಯಾಗಿ ಮೆಟ್ಟಿಲಲ್ಲಿ ಕುಳಿತುಬಿಟ್ಟರು.

“ಇಡೀ ಬೇಸಗೆ ನಾನು ದೈವಕ್ಕೆ ಬೈದೆ ಟೀಚರೇ! ಮಳೆ ಕೊಡಲಿಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದೆ. ಈಗ ದೈವದ ಹತ್ತಿರ ಯಾವ ಬಾಯಲ್ಲಿ ಮಾತಾಡುವುದು?”

ಆ ವರ್ಷ ಕಟ್ಟ ಕೆಳಗಿನ ತಿರುವಿಗೆ ಮರಳಿತು. ನಾನೂ ಕಲ್ಲು ಹೊತ್ತೆ. ಹೊಸ ಮಲ್ಲಿಗೆಯ ಮೊದಲ ಹೂವನ್ನು ಕಲ್ಯಾಣಿಯಕ್ಕ ಯಾರಿಗೂ ಮಾರದೆ ದೈವಕ್ಕೆ ಕೊಟ್ಟು ಬಂದರು.

ಇವತ್ತು ಅದೇ ಪ್ರೋಗ್ರಾಂ ಕಡೆದದ್ದು ಮೂರನೆಯ ಬಗೆಯ ಯಂತ್ರದಲ್ಲಿ, ಮ್ಯಾಕ್‌ನಲ್ಲಿ. ನೆಫೀಸಾಳಿಗೆ ಫೋನ್ ಮಾಡಿ ಅಂಕಿ ಓದಿದೆ. “ಮೂರರಲ್ಲೂ ಒಂದೇ ಮೇಡಂ,” ಎಂದಳು. ಆದರೂ ಚಪ್ಪಲಿ ಮೆಟ್ಟಿ ಕಲ್ಯಾಣಿಯಕ್ಕನ ಬಾವಿಕಟ್ಟೆಗೆ ಹೋದೆ.

“ಎಂತ ಹೇಳ್ತದೆ ನಿಮ್ಮ ಕಂಪ್ಯೂಟರ್?”

“ಮೇಲಿಂದ ನಾಲ್ಕು ರಿಂಗ್ ಕಾಣ್ತದೆ, ಅಲ್ಲಿಂದ ಕೆಳಗೆ ನೀರು ಅಂತ.”

ಇಬ್ಬರೂ ಬಗ್ಗಿ, ಬಾವಿಗೆ ಒಳಗಿಂದ ಕೂರಿಸಿದ ಸಿಮೆಂಟ್ ರಿಂಗ್‌ಗಳನ್ನು ಎಣಿಸಿದೆವು. “ನಾಲ್ಕೂವರೆ,” ಎಂದರು ಕಲ್ಯಾಣಿಯಕ್ಕ.

ನಾಲ್ಕೂವರೆಯೇ. ಮೂರು ಯಂತ್ರಗಳು ಒಂದೇ ಬಾಯಲ್ಲಿ ಹೇಳಿದ್ದರಲ್ಲೂ ಅರ್ಧ ರಿಂಗ್ ತಪ್ಪು! ಪುಸ್ತಕ ತೆಗೆದು ನಾಲ್ಕೂವರೆ ಎಂದು ಬರೆದುಕೊಂಡೆ. ಕಲ್ಯಾಣಿಯಕ್ಕ ಬಾವಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

“ನೋಡಿದ್ದು ಆಯ್ತಲ್ಲ ಟೀಚರೇ, ಇನ್ನು ಎರಡು ಕೊಡಪಾನ ಮಲ್ಲಿಗೆಗೆ ಹಾಕಿ ಹೋಗಿ.”